ಮುಪ್ಪು ಯಾರಪ್ಪನ ಸ್ವತ್ತು?

'ಅರವತ್ತಕ್ಕೆ ಅರಳು ಮರಳು' ಅಂತ ಗಾದೆ ಕಟ್ಟಿದವನು ಅರವತ್ತು ತುಂಬೋದು ಖಾತ್ರಿ ಇದ್ದ ಮನೆಯಲ್ಲಿ ಹುಟ್ಟಿದವನಿರಬೇಕು. ನಮ್ಮ ಕೇರಿಗಳಲ್ಲಿ ಅರಳು ಮರಳಿಗೆ ಪುರುಸೊತ್ತಿಲ್ಲ. ನಲವತ್ತಕ್ಕೆ ಸೊಂಟ ಬೀಳುತ್ತೆ. ಐವತ್ತಕ್ಕೆ ಕಣ್ಣು ಮಂಜಾಗುತ್ತೆ. ಆಮೇಲೆ ಉಳಿದಷ್ಟು ದಿನ ಕೂಲಿ ಮಾಡಿಕೊಂಡೇ ಉಳಿಯಬೇಕು. ಆದ್ದರಿಂದ ಮುಪ್ಪಿನ ಬಗ್ಗೆ ಯಾರಾದರೂ ತತ್ವ ಹೇಳೋಕೆ ಶುರು ಮಾಡಿದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಯಾರ ಮುಪ್ಪು?

ಈಗ ಜಗತ್ತಿನ ಬಾಯಲ್ಲಿ ಹೊಸ ಮಾತೊಂದು ಓಡಾಡುತ್ತಿದೆ. ಅದರ ಹೆಸರು 'ಆರೋಗ್ಯವಂತ ಮುಪ್ಪು'. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷವನ್ನು ಇದಕ್ಕೇ ಮುಡಿಪಿಟ್ಟಿದೆ. ಅಮೆರಿಕದ ಗೂಗಲ್ ಕಂಪನಿ 2013ರಲ್ಲಿ ಮುಪ್ಪಿನ ಮರ್ಮ ತಿಳಿಯೋಕೆ ಅಂತಲೇ ಕ್ಯಾಲಿಕೊ ಅನ್ನೋ ಸಂಸ್ಥೆ ಹುಟ್ಟುಹಾಕಿತು. 2022ರಲ್ಲಿ ಆಲ್ಟೋಸ್ ಲ್ಯಾಬ್ಸ್ ಅನ್ನೋ ಇನ್ನೊಂದು ಕಂಪನಿ 300 ಕೋಟಿ ಡಾಲರ್ ಬಂಡವಾಳದೊಂದಿಗೆ ಅದೇ ಕೆಲಸಕ್ಕೆ ಇಳಿಯಿತು. ಹಣ ಇದ್ದವರಿಗೆ ಉಳಿದಿರೋ ಒಬ್ಬನೇ ಶತ್ರು ಸಾವು. ಅವನನ್ನೂ ಕೊಂಡುಕೊಳ್ಳೋಕೆ ನೋಡ್ತಿದ್ದಾರೆ.

ಇದೆಲ್ಲ ದೂರದ ಮಾತು ಅಂತ ಸುಮ್ಮನಿರಬಹುದಿತ್ತು. ಆದರೆ ಮಾತು ನಮ್ಮ ಮಗ್ಗುಲಿಗೇ ಬಂದಿದೆ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹತ್ತು ವರ್ಷದ ಅವಧಿಗೆ 225 ಕೋಟಿ ರೂಪಾಯಿ ಕೊಡುವುದಾಗಿ ಹೇಳಿತು. ಅದರಿಂದ ಮಿದುಳು ಸಂಶೋಧನಾ ಕೇಂದ್ರ ಎದ್ದಿತು. ಮಿದುಳು ವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅದರ ಮೊದಲ ನಿರ್ದೇಶಕಿ. ವಯಸ್ಸಾದಂತೆ ಮಿದುಳು ಯಾಕೆ ಸೋಲುತ್ತೆ, ಯಾರದು ಸೋಲುತ್ತೆ, ಯಾರದು ಸೋಲಲ್ಲ ಅಂತ ಹುಡುಕೋದು ಆ ಕೇಂದ್ರದ ಕೆಲಸ.

ಹುಡುಕೋಕೆ ಅವರು ಎಲ್ಲಿಗೆ ಹೋದರು? ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿಗೆ. ಮಾವಿನ ಸೀಮೆಗೆ. ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಆಡೋ ಹಳ್ಳಿಗಳಿಗೆ. 2018ರಲ್ಲಿ ಶುರುವಾದ ಆ ಅಧ್ಯಯನ ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸೋ ಗುರಿ ಇಟ್ಟುಕೊಂಡಿತು. ರಕ್ತ ತೆಗೆಯೋದು, ವಂಶವಾಹಿ ನೋಡೋದು, ನೆನಪಿನ ಶಕ್ತಿ ಅಳೆಯೋದು, ಬೆಂಗಳೂರಿಗೆ ಕರೆತಂದು ಮಿದುಳಿನ ಸ್ಕ್ಯಾನ್ ಮಾಡೋದು. ಬೆಂಗಳೂರು ನಗರದವರ ಮೇಲೆ ಇಂಥದೇ ಇನ್ನೊಂದು ಅಧ್ಯಯನಕ್ಕೆ ಟಾಟಾ ಟ್ರಸ್ಟ್‌ನವರ ಹಣ ಇದೆ.

ಗೆಳೆಯರೇ, ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಎರಡು ಥರದ ಮಾತು ಬರುತ್ತೆ. ಒಂದು ಗುಂಪಿನವರು ಹೇಳ್ತಾರೆ: ಅದು ಬಂಡವಾಳಶಾಹಿಯ ದುಡ್ಡು, ಪಾಪ ತೊಳೆಯೋ ದುಡ್ಡು, ಎಸೆಯಿರಿ. ಇನ್ನೊಂದು ಗುಂಪಿನವರು ಕೈ ಮುಗೀತಾರೆ: ಅಯ್ಯೋ, ದೊಡ್ಡವರು ನಮ್ಮ ಹಳ್ಳಿ ತನಕ ಬಂದರಲ್ಲ, ಪುಣ್ಯವಂತರು. ಎರಡೂ ಮಾತು ನನಗೆ ಗಂಟಲಲ್ಲಿ ಇಳಿಯೋದಿಲ್ಲ. ಈ ಬರಹ ಬರೆಯೋದೇ ಅದಕ್ಕೆ.

ಮೊದಲನೆಯವರಿಗೆ ನನ್ನ ಮಾತು. ಮಿದುಳಿನ ಮುಪ್ಪಿನ ಬಗ್ಗೆ ಇವತ್ತು ಪುಸ್ತಕಗಳಲ್ಲಿರೋ ತಿಳಿವಳಿಕೆ ಬಹುಪಾಲು ಯುರೋಪು, ಅಮೆರಿಕದ ಬಿಳಿಯರನ್ನು ನೋಡಿ ಬರೆದದ್ದು. ಓದಿದವರು, ಹೊಟ್ಟೆ ತುಂಬ ಉಂಡವರು, ಪಿಂಚಣಿ ಇದ್ದವರು. ಹೆಬ್ಬೆಟ್ಟು ಒತ್ತೋ ಹೆಂಗಸಿನ ಮಿದುಳು ಹೇಗೆ ಮುಪ್ಪಾಗುತ್ತೆ ಅಂತ ಆ ಪುಸ್ತಕಗಳಲ್ಲಿ ಇಲ್ಲ. ಶಾಸ್ತ್ರಗಳಿಂದ ನಮ್ಮನ್ನು ಹೊರಗಿಟ್ಟಿದ್ದಕ್ಕೆ ಸಿಟ್ಟಾಗುವ ನಾವು, ವಿಜ್ಞಾನದ ಪುಟಗಳಿಂದ ಹೊರಗುಳಿಯೋಕೆ ನಾವೇ ಹಟ ಹಿಡಿಯೋದು ಯಾವ ನ್ಯಾಯ? ದಾನಿಯ ದುಡ್ಡು ಬೇಡ ಅಂದ ಮಾತ್ರಕ್ಕೆ ಆ ದುಡ್ಡು ಕೇರಿಯ ಕೈಗೆ ಬರಲ್ಲ. ಅದು ಇನ್ನೊಂದು ಗೋಪುರವಾಗುತ್ತೆ ಅಷ್ಟೆ.

ಎರಡನೆಯವರಿಗೆ ಕೊಡೋ ಉತ್ತರ ಸ್ವಲ್ಪ ಉದ್ದ. ಅದು ದಾನ ಅನ್ನೋ ಪದದ ಒಳಗೇ ಇದೆ.

ದಾನದಲ್ಲಿ ಕೊಡುವವನ ಕೈ ಮೇಲೆ, ತಗೊಳ್ಳುವವನ ಕೈ ಕೆಳಗೆ. ಕೊಟ್ಟವನಿಗೆ ಪುಣ್ಯ, ತಗೊಂಡವನಿಗೆ ಋಣ. ಹನ್ನೆರಡನೇ ಶತಮಾನದ ಶರಣರು ಈ ಕೈಗಳ ಮೇಲು ಕೆಳಗನ್ನು ಒಪ್ಪದೆ ದಾನದ ಜಾಗದಲ್ಲಿ ದಾಸೋಹ ತಂದರು. ಅಲ್ಲಿ ಕೊಡುವವನೇ ದಾಸ. ಅವನು ಕೊಡೋದು ತನ್ನದಲ್ಲ, ಸಮಾಜದ್ದನ್ನೇ ಸಮಾಜಕ್ಕೆ ಹಿಂದಿರುಗಿಸೋದು. ಎಂಟುನೂರು ವರ್ಷದ ಹಿಂದೆ ನಮ್ಮ ನೆಲದಲ್ಲೇ ಹುಟ್ಟಿದ ಈ ವಿಚಾರವನ್ನು ಬಿಟ್ಟು, ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತೋ ಪದ್ಧತಿಗೆ ನಾವು ತಿರುಗಿ ಬಂದಿದ್ದೀವಿ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಆ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದಾಗ ಅದಕ್ಕೆ 371 ಎಕರೆ ನೆಲ ಕೊಟ್ಟದ್ದು ಮೈಸೂರು ಸಂಸ್ಥಾನ. ಜಮ್ಸೆಟ್‌ಜಿ ಟಾಟಾ ಅವರ ಹೆಸರು ಉಳಿಯಿತು, ಅರಮನೆಯ ಹೆಸರೂ ಉಳಿಯಿತು. ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ತುಂಬಿದ ಬೇಸಾಯಗಾರ, ಅವನ ಹೊಲದಲ್ಲಿ ಜೀತಕ್ಕಿದ್ದ ಹೊಲೆಯ ಮಾದಿಗರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇವತ್ತೂ ವಿಜ್ಞಾನ ಸಂಶೋಧನೆಗೆ ಕೊಟ್ಟ ದಾನಕ್ಕೆ ಕಾನೂನಿನಲ್ಲಿ ತೆರಿಗೆ ವಿನಾಯಿತಿ ಇದೆ. ತಪ್ಪಲ್ಲ. ಆದರೆ ವಿನಾಯಿತಿ ಅಂದರೆ ಸರ್ಕಾರಕ್ಕೆ ಬರಬೇಕಿದ್ದ ದುಡ್ಡು. ಬೆಂಕಿಪೊಟ್ಟಣ, ಸೋಪು ಕೊಳ್ಳುವಾಗಲೆಲ್ಲ ತೆರಿಗೆ ಕಟ್ಟೋ ನಮ್ಮ ಕೂಲಿಯವಳಿಗೆ ಯಾವ ವಿನಾಯಿತಿಯೂ ಇಲ್ಲ. ಹಾಗಾದರೆ ದೊಡ್ಡ ದಾನಗಳಲ್ಲಿ ಅವಳದೂ ಒಂದು ಪಾಲು ಇದೆ ಅಂತಾಯಿತು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಶ್ರೀನಿವಾಸಪುರದ ಹಳ್ಳಿಯಿಂದ ಒಬ್ಬಳು ಹೆಂಗಸು ಬೆಳಿಗ್ಗೆ ಎದ್ದು, ಅವತ್ತಿನ ಕೆಲಸ ಬಿಟ್ಟು, ಗಾಡಿ ಹತ್ತಿ ಬೆಂಗಳೂರಿಗೆ ಬರ್ತಾಳೆ ಅನ್ನಿ. ತೋಳು ಚಾಚಿ ರಕ್ತ ಕೊಡ್ತಾಳೆ. ಗುಡುಗುಡು ಸದ್ದು ಮಾಡೋ ಕೊಳವೆಯೊಳಗೆ ಅಲುಗಾಡದೆ ಮಲಗ್ತಾಳೆ. ಮುಂದಿನ ಸಲ ಕರೆದರೂ ಬರ್ತಾಳೆ. ಅವಳ ರಕ್ತದಿಂದ ಬರೋ ತಿಳಿವಳಿಕೆ ಇನ್ನು ಇಪ್ಪತ್ತು ವರ್ಷದ ಮೇಲೆ ಯಾರೋ ಗೊತ್ತಿಲ್ಲದವರ ಮರೆವನ್ನು ತಡೆಯಬಹುದು. ಅವಳಿಗೆ ಅದರಿಂದ ಏನೂ ಸಿಗದೇ ಇರಬಹುದು. ಹೇಳಿ ಗೆಳೆಯರೇ, ಈ ಕತೆಯಲ್ಲಿ ದಾನಿ ಯಾರು? ತನ್ನಲ್ಲಿ ಮಿಕ್ಕಿದ್ದನ್ನು ಕೊಟ್ಟವರೋ, ತನ್ನ ಮೈಯನ್ನೇ ಕೊಟ್ಟವಳೋ?

ನಾನು ದುಡ್ಡು ಕೊಟ್ಟವರನ್ನು ಹೀಯಾಳಿಸ್ತಿಲ್ಲ. ಕೊಡದೆ ಕೂತ ಕೋಟ್ಯಧೀಶರು ಈ ನಾಡಿನಲ್ಲಿ ಬೇಕಾದಷ್ಟಿದ್ದಾರೆ. ನಾನು ಹೇಳೋದು, ದಾನಿಗಳ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ ಅಂತ. ರಕ್ತ ಕೊಟ್ಟವರ ಹೆಸರು ಗುಟ್ಟಾಗಿರಬೇಕು, ಅದು ಸರಿಯಾದ ಕಾನೂನು. ಆ ಅಧ್ಯಯನದ ಹೆಸರಿನಲ್ಲೇ ಶ್ರೀನಿವಾಸಪುರ ಅನ್ನೋ ಊರಿನ ಹೆಸರಿದೆ, ಅದು ಒಳ್ಳೆಯದು. ಆದರೆ ಹೆಸರು ಬೇರೆ, ಹಕ್ಕು ಬೇರೆ. ದುಡ್ಡು ಕೊಟ್ಟವರು ಏನನ್ನು ಹುಡುಕಬೇಕು ಅಂತ ಕೇಳಬಲ್ಲರು. ವೈದ್ಯರು, ವಿಜ್ಞಾನಿಗಳು ಹೇಗೆ ಹುಡುಕಬೇಕು ಅಂತ ತೀರ್ಮಾನಿಸಬಲ್ಲರು. ಮೈ ಕೊಟ್ಟವರಿಗೆ ಯಾವ ಪ್ರಶ್ನೆ ಕೇಳೋ ಅಧಿಕಾರ ಇದೆ?

ಇಲ್ಲಿ ಯಯಾತಿಯ ಕತೆ ನೆನಪಾಗುತ್ತೆ. ಮಾವ ಶುಕ್ರಾಚಾರ್ಯನ ಶಾಪದಿಂದ ರಾಜನಿಗೆ ಅಕಾಲ ಮುಪ್ಪು ಬಂತು. ಸುಖದ ಆಸೆ ತೀರಿರಲಿಲ್ಲ. ಮಕ್ಕಳನ್ನು ಕರೆದು, ನಿಮ್ಮ ಯೌವನ ನನಗೆ ಕೊಟ್ಟು ನನ್ನ ಮುಪ್ಪು ತಗೊಳ್ಳಿ ಅಂದ. ಪಟ್ಟದರಾಣಿ ದೇವಯಾನಿಯ ಮಕ್ಕಳಿಬ್ಬರೂ ಆಗಲ್ಲ ಅಂದರು. ಕೊನೆಗೆ ಒಪ್ಪಿದವನು ಪುರು. ಅವನು ಯಾರ ಮಗ? ಶರ್ಮಿಷ್ಠೆಯ ಮಗ. ಶರ್ಮಿಷ್ಠೆ ಯಾರು? ಅಸುರರ ಹೆಣ್ಣು, ದೇವಯಾನಿಯ ದಾಸಿ. ಹರಿಕತೆ ದಾಸರು ಇದನ್ನು ಪಿತೃಭಕ್ತಿಯ ಕತೆ ಅಂತ ಹೇಳಿಕೊಂಡು ಬಂದರು. ನನಗೆ ಕಾಣೋದು ಬೇರೆ. ರಾಜನ ಮುಪ್ಪು ಇಳಿದದ್ದು ದಾಸಿಯ ಮಗನ ಬೆನ್ನಿಗೆ. ಪುರಾಣದ ಪುರುವಿಗೆ ಕೊನೆಯಲ್ಲಿ ಸಿಂಹಾಸನವಾದರೂ ಸಿಕ್ಕಿತು. ಇವತ್ತಿನ ಪುರುಗಳಿಗೆ?

ಒಬ್ಬರ ಮುಪ್ಪು ಇನ್ನೊಬ್ಬರಿಗೆ ವರ್ಗವಾಗೋದು ಪುರಾಣದಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅದೇ ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ ಹೋಗಿ ನೋಡಿ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ನೆಲ ಬಗೆಯಿತು. ತಮಿಳು ಸೀಮೆಯಿಂದ ಬಂದ ದಲಿತರು ಮೂರು ಕಿಲೋಮೀಟರ್ ಆಳಕ್ಕೆ ಇಳಿದರು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂದದ್ದು ಮೊದಲು ಆ ಗಣಿಗೆ. ಯಂತ್ರಕ್ಕೆ ಕರೆಂಟು, ಕೂಲಿಯವನ ಪುಪ್ಪುಸಕ್ಕೆ ಕಲ್ಲಿನ ಧೂಳು. ಸಿಲಿಕೋಸಿಸ್ ಅಂತ ವೈದ್ಯರು ಅದಕ್ಕೆ ಹೆಸರಿಟ್ಟರು. ಧೂಳು ಕೂತ ಪುಪ್ಪುಸ ಮತ್ತೆ ಚಿಗುರೋದಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೊಟ್ಟವರು ನೆರಿಗೆ ಬೀಳೋವರೆಗೆ ಬಾಳಿದರು. ತೆಗೆದವರಲ್ಲಿ ಎಷ್ಟೋ ಜನ ಮೂವತ್ತು ನಲವತ್ತಕ್ಕೇ ಮುದುಕರಂತೆ ಏದುಸಿರು ಬಿಟ್ಟರು. ಅದು ಮುಪ್ಪಿನ ವರ್ಗಾವಣೆ ಅಲ್ಲದೆ ಮತ್ತೇನು?

ಇದು ಬರೀ ಕವಿಯ ಸಿಟ್ಟಲ್ಲ, ಲೆಕ್ಕವೂ ಇದೆ. ಉತ್ತರ ಮತ್ತು ಪೂರ್ವ ಭಾರತದ ರಾಜ್ಯಗಳೇ ಹೆಚ್ಚಿರೋ ಒಂಬತ್ತು ರಾಜ್ಯಗಳ ಅಂಕಿ ಅಂಶ ಇಟ್ಟುಕೊಂಡು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಹೇಳುತ್ತೆ: ಮೇಲ್ಜಾತಿ ಹಿಂದೂಗಳಿಗಿಂತ ದಲಿತರ ಆಯುಸ್ಸು ಮೂರು ವರ್ಷಕ್ಕೂ ಹೆಚ್ಚು ಕಡಿಮೆ, ಆದಿವಾಸಿಗಳದು ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ, ಮುಸ್ಲಿಮರದು ಸುಮಾರು ಒಂದು ವರ್ಷ ಕಡಿಮೆ. ಬಡತನದಿಂದ ಹೀಗಾಯಿತು ಅಂತ ಕೆಲವರು ಜಾರಿಕೊಳ್ಳಬಹುದು. ಅದಕ್ಕೂ ಅದೇ ಅಧ್ಯಯನದಲ್ಲಿ ಉತ್ತರ ಇದೆ. ಆರ್ಥಿಕ ಸ್ಥಿತಿಯಿಂದ ವಿವರಿಸಬಹುದಾದದ್ದು ಈ ಅಂತರದ ಅರ್ಧಕ್ಕಿಂತ ಕಡಿಮೆ. ಉಳಿದದ್ದು? ಉಳಿದದ್ದಕ್ಕೆ ನಮ್ಮ ಕೇರಿಯಲ್ಲಿ ಒಂದು ಹೆಸರಿದೆ. ಅದನ್ನು ಹುಟ್ಟಿದ ದಿನವೇ ಕೊಡ್ತಾರೆ.

ವಯಸ್ಸಿನ ಮಾತು ಬಂತು. ಮುಪ್ಪಿನ ಸಂಶೋಧನೆಯ ಮೊದಲ ಪ್ರಶ್ನೆಯೇ 'ನಿನಗೆ ವಯಸ್ಸೆಷ್ಟು' ಅಂತ. ನನ್ನ ಅಜ್ಜಿಗೆ ಎರಡು ವಯಸ್ಸು. ಒಂದು ಅವಳ ಮೈಯಲ್ಲಿರೋದು, ಇನ್ನೊಂದು ಚೀಟಿಯಲ್ಲಿರೋದು. 'ಗಾಂಧಿ ಸತ್ತಾಗ ನೀನು ತೊಟ್ಟಿಲಲ್ಲಿದ್ದೆ' ಅಂತ ಅವಳಮ್ಮ ಅವಳಿಗೆ ಹೇಳ್ತಿದ್ದಳಂತೆ. ಅಂದರೆ 1947ರ ಹುಟ್ಟು. ಗುರುತಿನ ಚೀಟಿ ಬರೆದ ಪುಣ್ಯಾತ್ಮ ಅವಳ ಮುಖ ನೋಡಿ 1959 ಅಂತ ಬರೆದ. 2012ರಲ್ಲಿ ಅಜ್ಜಿ ಪಿಂಚಣಿಗೆ ಅರ್ಜಿ ಹಿಡಿದು ಹೋದಾಗ ಗಾಂಧಿ ಲೆಕ್ಕದಲ್ಲಿ ಅವಳಿಗೆ ಅರವತ್ತೈದು, ಚೀಟಿಯ ಲೆಕ್ಕದಲ್ಲಿ ಐವತ್ತಮೂರು. 'ಇನ್ನೂ ಗಟ್ಟಿಮುಟ್ಟಾಗಿದ್ದೀಯಲ್ಲ, ಹೋಗಮ್ಮ' ಅಂದರಂತೆ ಮೇಜಿನ ಆ ಕಡೆಯವರು. ಹನ್ನೆರಡು ವರ್ಷದ ಬದುಕು ಒಂದು ಪೆನ್ನಿನ ಗೀಟಿಗೆ ಹೋಯಿತು. ಅವಳು ಮಾವಿನ ತೋಪಿನ ಕೂಲಿಗೆ ಹೋಗ್ತಾನೇ ಇದ್ದಳು. ಯೌವನ ಮರಳಿ ತರೋ ವಿದ್ಯೆಗೆ ಅಮೆರಿಕದವರು ಕೋಟಿ ಕೋಟಿ ಡಾಲರ್ ಸುರೀತಾರೆ. ನಮ್ಮ ಕಚೇರಿಗಳಲ್ಲಿ ಅದನ್ನು ಪುಕ್ಕಟೆ ಮಾಡಿಬಿಟ್ಟಿದ್ದಾರೆ!

ಪಿಂಚಣಿ ಸಿಕ್ಕರೂ ಎಷ್ಟು? ವೃದ್ಧಾಪ್ಯ ಪಿಂಚಣಿಯಲ್ಲಿ ಎಂಬತ್ತು ತುಂಬದವರಿಗೆ ಕೇಂದ್ರದ ಪಾಲು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು. ಹದಿನೈದು ವರ್ಷ ದಾಟಿದರೂ ಅದು 200 ರೂಪಾಯಿಯೇ. ಕರ್ನಾಟಕದ ಸಂಧ್ಯಾ ಸುರಕ್ಷಾ 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿತು. ಆರೋಗ್ಯವಂತ ಮುಪ್ಪು ಅಂದರೆ ತನಗೆ ಬೇಕಾದ್ದನ್ನು ತಾನು ಮಾಡಿಕೊಂಡು ನೆಮ್ಮದಿಯಾಗಿರೋ ಶಕ್ತಿ ಅನ್ನೋ ಅರ್ಥದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಒಳ್ಳೆಯ ಮಾತು. ನಮ್ಮ ಮುದುಕಿಯರು 'ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕಪ್ಪ' ಅಂತಾರೆ. ಪಟ್ಟಣದ ವಿಚಾರವಂತರು ಅದನ್ನು ಹಳ್ಳಿಗರ ವೈರಾಗ್ಯ, ಜಾನಪದ ವಿವೇಕ ಅಂತ ಹೊಗಳಿ ಬರೀತಾರೆ. ಅದು ವೈರಾಗ್ಯ ಅಲ್ಲ ಸ್ವಾಮಿ, ಭಯ. ದುಡಿಯೋಕೆ ಆಗದ ದಿನ ತಟ್ಟೆಗೆ ಮುದ್ದೆ ಯಾರು ಹಾಕ್ತಾರೆ ಅನ್ನೋ ಭಯ.

ಈಗ ಮರೆವಿನ ಕಾಯಿಲೆಯ ವಿಷಯಕ್ಕೇ ಬರೋಣ. ಹರಿಯಾಣದ ಬಲ್ಲಬ್‌ಗಢದ ಹಳ್ಳಿಗಳಲ್ಲಿ ಭಾರತ ಅಮೆರಿಕ ಎರಡೂ ಕಡೆಯವರು ಸೇರಿ ನಡೆಸಿದ ಒಂದು ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಜಗತ್ತಿನಲ್ಲಿ ಆವರೆಗೆ ದಾಖಲಾದ ಕಡೆಗಳಲ್ಲೆಲ್ಲ ಅತಿ ಕಡಿಮೆ ಆಲ್ಜೈಮರ್ ಇರೋ ಜಾಗಗಳಲ್ಲಿ ಅದೂ ಒಂದು ಅಂತ ಗೊತ್ತಾಯಿತು. ನಮ್ಮ ದೇಶಭಕ್ತರಿಗೆ ಖುಷಿಯೋ ಖುಷಿ. ಅರಿಶಿನದ ಮಹಿಮೆ ಅಂದವರೂ ಉಂಟು. ಆದರೆ ಸಂಶೋಧಕರು ಕೊಟ್ಟ ಕಾರಣಗಳಲ್ಲಿ ಮೊದಲಿಗೇ ಇದ್ದದ್ದು ಬೇರೆ. ಅಲ್ಲಿನ ಜನರ ಆಯುಸ್ಸೇ ಕಡಿಮೆ, ಕಾಯಿಲೆ ಬಂದವರೂ ಹೆಚ್ಚು ದಿನ ಬದುಕಲ್ಲ. ಮರೆಯೋಕೆ ಮೊದಲೇ ಸತ್ತರೆ ಮರೆವು ಎಲ್ಲಿಂದ ಬರುತ್ತೆ? ಸಾವನ್ನೇ ಸಂಸ್ಕೃತಿಯ ಹಿರಿಮೆ ಅಂತ ತೋರಿಸೋ ಜಾಣತನ ನಮ್ಮ ದೇಶದಲ್ಲಿ ಹೊಸದೇನಲ್ಲ.

ಆಮೇಲೆ ಇಡೀ ದೇಶದ ಲೆಕ್ಕ ಬಂತು. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಯಾಕೆ ಹೀಗೆ? ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹದಿನಾಲ್ಕು ಕಾರಣಗಳ ಪಟ್ಟಿ ಕೊಟ್ಟಿತು. ಇವನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು, ಶೇಕಡಾ 45ರಷ್ಟನ್ನು, ತಡೆಯಬಹುದು ಇಲ್ಲವೇ ಮುಂದಕ್ಕೆ ಹಾಕಬಹುದು ಅಂತ ಅವರ ಲೆಕ್ಕ. ಆ ಪಟ್ಟಿಯಲ್ಲಿ ಏನೇನಿದೆ? ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಮಂಜುಗಣ್ಣು, ಹೊಗೆ ತುಂಬಿದ ಗಾಳಿ, ಒಂಟಿತನ. ಇವುಗಳ ಜೊತೆಗೆ, ಬಾಲ್ಯದಲ್ಲಿ ಶಾಲೆ ಸಿಗದೇ ಇರೋದು.

ಶಾಲೆ! ಈ ಒಂದು ಪದವನ್ನು ನಿಧಾನವಾಗಿ ಓದಿ ಗೆಳೆಯರೇ. ಎಳೆ ವಯಸ್ಸಿನಲ್ಲಿ ಅಕ್ಷರ ಕಲಿತ ಮಿದುಳು ಮುಪ್ಪಿನಲ್ಲಿ ಕಾಯಿಲೆಯ ಎದುರು ಹೆಚ್ಚು ದಿನ ನಿಲ್ಲುತ್ತೆ ಅಂತ ವಿಜ್ಞಾನ ಹೇಳುತ್ತೆ. ಸಾವಿರಾರು ವರ್ಷ ಅಕ್ಷರ ಕಲಿಯಕೂಡದು, ಕೇಳಿದರೆ ಕಿವಿಗೆ ಕಾದ ಸೀಸ ಅಂತ ಬರೆದಿಟ್ಟ ದೇಶ ಇದು. ಆ ಬಾಗಿಲು ಹಾಕಿದವರು ನಮ್ಮಿಂದ ಕಸಿದದ್ದು ಬರೀ ಕೆಲಸ, ಜಮೀನು, ಮಾನ ಅಂತ ನಾವು ತಿಳಿದಿದ್ದೆವು. ಈಗ ಗೊತ್ತಾಗುತ್ತಿದೆ, ಅವರು ನಮ್ಮ ಮುದುಕರ ನೆನಪನ್ನೂ ಕಸಿದರು ಅಂತ. ಶಾಲೆಯ ಬಾಗಿಲಲ್ಲಿ ಎಂಟು ವರ್ಷದ ಹುಡುಗಿಯನ್ನು ತಡೆದ ಕೈ, ಅರವತ್ತೆಂಟನೇ ವಯಸ್ಸಿನಲ್ಲಿ ಅವಳು ಸ್ವಂತ ಮಗನ ಹೆಸರು ಮರೆಯುವಾಗಲೂ ಅಲ್ಲಿ ಇರುತ್ತೆ.

ಅಷ್ಟೇ ಅಲ್ಲ. ಮರೆವನ್ನು ಅಳೆಯೋ ಪರೀಕ್ಷೆಗಳೂ ಅಕ್ಷರಸ್ಥರಿಗೆ ಮಾಡಿದವೇ. ಗಡಿಯಾರ ಬರಿ, ವಾಕ್ಯ ಓದು, ನೂರರಿಂದ ಏಳೇಳು ಕಳೆಯುತ್ತ ಬಾ. ಪೆನ್ಸಿಲು ಹಿಡಿಯದ ಕೈ ಗಡಿಯಾರ ಬರೆಯದೇ ಇದ್ದರೆ ಅದು ಮರೆವೋ, ಅನ್ಯಾಯವೋ? ಬಲ್ಲಬ್‌ಗಢದವರು ಅದಕ್ಕಾಗಿಯೇ ಓದು ಬರಹ ಬಾರದವರಿಗೆ ಹಿಂದಿಯಲ್ಲಿ ಬೇರೆ ಪರೀಕ್ಷೆ ಕಟ್ಟಬೇಕಾಯಿತು. ವೈದ್ಯಕೀಯದ ಮುಂದಾಳುಗಳಿಗೆ ನಾನು ಗೌರವ ಕೊಡೋದು ಇಂಥ ಕೆಲಸಕ್ಕೆ. ಅಳತೆಗೋಲೇ ಜಾತಿ ಕೆಟ್ಟಿದೆ ಅಂತ ಕಂಡುಹಿಡಿದು ಅದನ್ನು ತಿದ್ದೋದು ಕ್ರಾಂತಿಯ ಕೆಲಸವೇ.

ಆ ಹದಿನಾಲ್ಕರ ಪಟ್ಟಿಯಲ್ಲಿ ಒಂಟಿತನ ಇದೆ, ಅಸ್ಪೃಶ್ಯತೆ ಇಲ್ಲ. ಯಾಕೆ ಇಲ್ಲ? ಕೇಳಿದವರಿಲ್ಲ, ಅದಕ್ಕೇ ಇಲ್ಲ. ಊರಿನ ಹೋಟೆಲಿನಲ್ಲಿ ಬೇರೆ ಲೋಟ, ಗುಡಿಯ ಹೊರಗೆ ನಿಲುವು, ಬಾವಿಯ ಹತ್ತಿರ ಬೈಗುಳ, ಇವನ್ನು ಎಪ್ಪತ್ತು ವರ್ಷ ಉಂಡ ಮಿದುಳಿನಲ್ಲಿ ಏನಾಗಿರುತ್ತೆ? ಇದು ವಿಜ್ಞಾನದ ಪ್ರಶ್ನೆ ಅಲ್ಲವಾ? ದುಡ್ಡು ಕೊಡೋ ಮನೆಯಲ್ಲಿ ಹುಟ್ಟದ ಪ್ರಶ್ನೆ ಪ್ರಯೋಗಾಲಯದಲ್ಲೂ ಹುಟ್ಟೋದು ಕಷ್ಟ. ದಾನದ ನಿಜವಾದ ತೊಡಕು ಇರೋದು ಇಲ್ಲಿ. ದಾನಿ ಕೆಟ್ಟವನಾಗಿರಬೇಕಾಗಿಲ್ಲ. ಒಳ್ಳೆಯವನಾಗಿದ್ದರೂ ಅವನು ತನ್ನ ಭಯಕ್ಕೆ ಮದ್ದು ಹುಡುಕ್ತಾನೆ. ನಮ್ಮ ಭಯ ಅವನ ಕನಸಿನಲ್ಲೂ ಬರೋದಿಲ್ಲ.

ಮದ್ದಿನ ಮಾತು ಬಂದಾಗ ಇನ್ನೊಂದು ಲೆಕ್ಕ. ಆಲ್ಜೈಮರ್ ಬೆಳೆಯೋದನ್ನು ಕೊಂಚ ನಿಧಾನ ಮಾಡೋ ಲೆಕಾನೆಮ್ಯಾಬ್ ಅನ್ನೋ ಔಷಧಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ಅಲ್ಲಿ ಅದಕ್ಕೆ ಕಟ್ಟಿದ ಬೆಲೆ ವರ್ಷಕ್ಕೆ 26,500 ಡಾಲರ್. ನಮ್ಮ ದುಡ್ಡಿನಲ್ಲಿ 20 ಲಕ್ಷಕ್ಕೂ ಮೇಲೆ. ದಿನಕ್ಕೆ ಮುನ್ನೂರು ರೂಪಾಯಿ ಕೂಲಿ, ವರ್ಷಕ್ಕೆ ಇನ್ನೂರು ದಿನ ಕೆಲಸ ಅಂತ ಹಿಡಿದರೂ ಅದು ಮೂವತ್ತಮೂರು ವರ್ಷಕ್ಕೂ ಹೆಚ್ಚಿನ ಕೂಲಿ. ಒಂದು ವರ್ಷದ ನೆನಪು ಉಳಿಸಿಕೊಳ್ಳೋಕೆ ಒಂದು ಜನ್ಮದ ದುಡಿಮೆ. ಹಾಗಾದರೆ ರಕ್ತ ಕೊಡೋದು ಶ್ರೀನಿವಾಸಪುರ, ಮದ್ದು ಕುಡಿಯೋದು ಇನ್ಯಾರೋ ಅಂತ ಆಗಬಾರದು ಅಂದರೆ, ಆ ಮಾತು ಮೊದಲೇ ಆಗಬೇಕು. ಮದ್ದು ಬಂದ ಮೇಲೆ ಅಲ್ಲ.

ನಮ್ಮ ಜನ ರಕ್ತ ಕೊಡೋಕೆ ಹೆದರ್ತಾರೆ, ಮೂಢನಂಬಿಕೆ ಅಂತ ಓದಿದವರು ನಗ್ತಾರೆ. ನಗಬೇಡಿ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಲವತ್ತು ವರ್ಷ, ಸಿಫಿಲಿಸ್ ಬಂದ ಸುಮಾರು ನಾನೂರು ಮಂದಿ ಕಪ್ಪು ಜನರಿಗೆ ಮದ್ದು ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತೆ ಅಂತ ಸರ್ಕಾರಿ ವೈದ್ಯರೇ ನೋಡುತ್ತ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಕಪ್ಪು ಹೆಂಗಸಿನ ಮೈಯಿಂದ ಕೇಳದೇ ತೆಗೆದ ಜೀವಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆದವು. ಅವಳ ಮನೆಯವರಿಗೆ ಒಂದು ಕಂಪನಿಯಿಂದ ಪರಿಹಾರದ ಒಪ್ಪಂದ ಆದದ್ದು 2023ರಲ್ಲಿ. ಶ್ರೀನಿವಾಸಪುರದಲ್ಲಿ ಹಾಗೆ ಆಗಿದೆ ಅಂತ ನಾನು ಹೇಳ್ತಿಲ್ಲ. ಇವತ್ತು ಒಪ್ಪಿಗೆ ಪತ್ರ ಇಲ್ಲದೆ ಇಂಥ ಅಧ್ಯಯನ ನಡೆಯೋ ಹಾಗಿಲ್ಲ, ನೀತಿ ಸಮಿತಿಗಳಿವೆ. ಆದರೆ ಆ ಕಾನೂನು ಹುಟ್ಟಿದ್ದೇ ಆ ಕಪ್ಪು ಮೈಗಳ ಸಂಕಟದಿಂದ. ಹೆದರಿದವರು ಮೂಢರಲ್ಲ, ಚರಿತ್ರೆ ಬಲ್ಲವರು.

ಹಾಗಾದರೆ ಹಸಿವು ತೀರೋವರೆಗೆ ಮುಪ್ಪಿನ ಸಂಶೋಧನೆಯೇ ಬೇಡವೇ? ಹಾಗೆ ನಾನು ಹೇಳಲಾರೆ. ಇಲ್ಲಿ ಬಾಬಾಸಾಹೇಬರು ನಮಗೆ ದಾರಿ ತೋರಿಸ್ತಾರೆ. ಸಿದ್ಧಾರ್ಥ ಒಬ್ಬ ಮುದುಕನನ್ನು, ಒಬ್ಬ ರೋಗಿಯನ್ನು, ಒಂದು ಹೆಣವನ್ನು ನೋಡಿ ಮನೆ ಬಿಟ್ಟ ಅನ್ನೋ ಕತೆ ಎಲ್ಲರಿಗೂ ಗೊತ್ತು. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕದಲ್ಲಿ ಅದನ್ನು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮುದುಕನನ್ನೂ ಕಾಣದೆ ಇರೋದು ಸಾಧ್ಯವೇ ಅನ್ನೋದು ಅವರ ಪ್ರಶ್ನೆ. ಅವರ ಸಿದ್ಧಾರ್ಥ ಮನೆ ಬಿಟ್ಟದ್ದು ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗೆ ಎದ್ದ ಜಗಳದಿಂದ. ಮುಪ್ಪು ಸಾವಿನ ಭಯದಿಂದ ಹುಟ್ಟಿದ ಧರ್ಮವನ್ನು ನೀರಿನ ನ್ಯಾಯದಿಂದ ಹುಟ್ಟಿದ ಧರ್ಮವಾಗಿ ಅವರು ತಿರುಗಿಸಿದರು. ಆ ಪುಸ್ತಕ ಅಚ್ಚಾಗಿ ಬಂದದ್ದು 1957ರಲ್ಲಿ. ಅದನ್ನು ನೋಡೋಕೆ ಅವರು ಇರಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ನವೆದು 1956ರ ಡಿಸೆಂಬರಿನಲ್ಲಿ, ಅರವತ್ತೈದಕ್ಕೇ ಹೋಗಿಬಿಟ್ಟಿದ್ದರು.

ನೀರು ಅಂದಾಗ ಕೋಲಾರ ಮತ್ತೆ ಎದುರಿಗೆ ಬರುತ್ತೆ. ಶ್ರೀನಿವಾಸಪುರದಲ್ಲಿ ಅಧ್ಯಯನ ಶುರುವಾದ 2018ರಲ್ಲೇ, ಜೂನ್ ತಿಂಗಳಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸೋ ಕೆ.ಸಿ. ವ್ಯಾಲಿ ಯೋಜನೆಯೂ ಶುರುವಾಯಿತು. ಬತ್ತಿದ ಕೆರೆ ತುಂಬಿದವು, ಇಲ್ಲ ಅನ್ನೋಕಾಗಲ್ಲ. ಮೂರನೇ ಹಂತದ ಶುದ್ಧಿಯೂ ಬೇಕು ಅಂತ ರೈತರು ಹೋರಾಡಿದರು. ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡ ಜಿಲ್ಲೆ ಅದು. ಅಲ್ಲಿಂದ ಬೆಂಗಳೂರಿಗೆ ರಕ್ತದ ಸೀಸೆ ಹೋಗುತ್ತೆ, ಬೆಂಗಳೂರಿನಿಂದ ಅಲ್ಲಿಗೆ ತೊಳೆದ ನೀರು ಬರುತ್ತೆ. ಈ ಕೊಡು ಕೊಳ್ಳುವಿಕೆಯನ್ನು ಸಮ ಮಾಡದೆ ಮುಪ್ಪಿನ ಆರೋಗ್ಯದ ಮಾತು ಪೂರ್ತಿಯಾಗೋದಿಲ್ಲ. ಸಾವು ಪ್ರಕೃತಿಯದು. ಯಾರು ಮೊದಲು ಸಾಯಬೇಕು ಅನ್ನೋ ಸರತಿ ಮಾತ್ರ ಮನುಷ್ಯರು ಮಾಡಿದ್ದು.

ಆದ್ದರಿಂದ ನಾವು ಎಸೆಯೋದೂ ಬೇಡ, ಬಾಗೋದೂ ಬೇಡ. ತಗೊಳ್ಳೋಣ, ತಲೆ ಎತ್ತಿ ತಗೊಳ್ಳೋಣ. ದಾನ ಅಂತ ಅಲ್ಲ, ಬಾಕಿಯಲ್ಲಿ ಒಂದು ಕಂತು ಅಂತ. ಕಂತು ಕಟ್ಟಿದವನಿಗೆ ರಸೀದಿ ಕೊಡಬಹುದು, ಪಾದಪೂಜೆ ಮಾಡಬೇಕಾಗಿಲ್ಲ. ತಗೊಂಡ ಮೇಲೆ ಕೇಳೋಣ. ಇಂಥ ಅಧ್ಯಯನಗಳಲ್ಲಿ ಯಾವ ಪ್ರಶ್ನೆ ಹಾಕಬೇಕು ಅಂತ ತೀರ್ಮಾನಿಸೋ ಮೇಜಿನ ಸುತ್ತ ಮೈ ಕೊಟ್ಟವರಿಗೂ ಒಂದು ಕುರ್ಚಿ ಇರಲಿ. ಜಾತಿಯನ್ನೂ ಒಂದು ಕಾರಣವಾಗಿ ಅಳೆಯಲಿ. ಒತ್ತಡ, ಸಕ್ಕರೆ ಅಂತ ಪತ್ತೆಯಾದವರಿಗೆ ಊರ ಪಕ್ಕದ ಆರೋಗ್ಯ ಕೇಂದ್ರದಲ್ಲೇ ತಿಂಗಳು ತಿಂಗಳೂ ಮಾತ್ರೆ ಸಿಗಲಿ. ಈ ನಾಡಿನಲ್ಲಿ ಹಳ್ಳಿಯ ಆರೋಗ್ಯದ ಯಾವ ಕೆಲಸವೂ ಆಶಾ ಕಾರ್ಯಕರ್ತೆಯ ಕಾಲ್ನಡಿಗೆ ಇಲ್ಲದೆ ನಡೆಯಲ್ಲ. 2025ರ ಜನವರಿ ಚಳಿಯಲ್ಲಿ ಆ ಹೆಣ್ಣುಮಕ್ಕಳು ಗೌರವಧನಕ್ಕಾಗಿ ಬೆಂಗಳೂರಿನಲ್ಲಿ ಬೀದಿಯಲ್ಲಿ ಮಲಗಬೇಕಾಯಿತು. ಅವರೂ ವೈದ್ಯಕೀಯದ ಮುಂದಾಳುಗಳೇ ಅಂತ ಒಪ್ಪಿಕೊಳ್ಳಲಿ.

ಎಲ್ಲಕ್ಕಿಂತ ಮೊದಲು, ಶಾಲೆ. ಮರೆವಿಗೆ ಮದ್ದು ಹುಡುಕುವವರು ಕೇರಿಯ ಶಾಲೆಯ ಬಾಗಿಲು ಮುಚ್ಚದಂತೆ ನೋಡಿಕೊಂಡರೆ ಅರವತ್ತು ವರ್ಷ ಆಚೆಗಿನ ಮಿದುಳಿಗೆ ಇವತ್ತೇ ಚಿಕಿತ್ಸೆ ಕೊಟ್ಟ ಹಾಗೆ. ಸ್ಲೇಟು ಬಳಪಕ್ಕೆ ಪೇಟೆಂಟು ಬೇಕಾಗಿಲ್ಲ.

ನಮ್ಮ ಚಳವಳಿ ಭೂಮಿ ಕೇಳಿತು, ಕೂಲಿ ಕೇಳಿತು, ನೀರು ಕೇಳಿತು, ಮಾನ ಕೇಳಿತು. ಇನ್ನೊಂದನ್ನು ಆ ಪಟ್ಟಿಗೆ ಸೇರಿಸೋ ಕಾಲ ಬಂದಿದೆ. ನಮ್ಮ ಜನಕ್ಕೂ ನೆರೆಗೂದಲು ಬೇಕು. ಜಗಲಿಯ ಮೇಲೆ ಸುಮ್ಮನೆ ಕೂರೋ ಮಧ್ಯಾಹ್ನ ಬೇಕು. ಮೊಮ್ಮಕ್ಕಳ ಹೆಸರು ನೆನಪಿಟ್ಟು ಕರೆಯೋ ಬಾಯಿ ಬೇಕು. ಆಯುಸ್ಸನ್ನು ನೂರೈವತ್ತಕ್ಕೆ ಏರಿಸೋರು ಏರಿಸಲಿ. ನಮಗೆ ಮೊದಲು ಮುದುಕರಾಗೋ ಹಕ್ಕು ಕೊಡಿ.